ಕಿರೀಟವಿಲ್ಲದ ಆಟ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ‘ಈ ಸಲ ಜಾತ್ರ್ಯಾಗ ಆಟ ಐತಿ’ ಎಂದರೆ ಮರುಪ್ರಶ್ನೆ ಸಿದ್ಧ: ದೊಡ್ಡಾಟೋ, ಸಣ್ಣಾಟೋ? ದೊಡ್ಡಾಟವೆಂದರೆ ಕಿರೀಟ, ಭುಜಕೀರ್ತಿ, ಪುರಾಣದ ಯುದ್ಧ. ಸಣ್ಣಾಟದಲ್ಲಿ ಧೋತರ ಉಟ್ಟವನೇ ನಾಯಕ. ಡಪ್ಪು ಬಾರಿಸಿ ಹಾಡುವುದರಿಂದ ಇದು ಡಪ್ಪಿನಾಟವೂ ಹೌದು.

ಆಟಕ್ಕೆ ಹೀಗೆ ವಿಶೇಷಣ ಹಚ್ಚುವ ರೂಢಿ ನಮ್ಮದೊಂದೇ ಅಲ್ಲ. ಹಳೆಯ ರೋಮಿನವರಿಗೆ ರಥದ ಓಟವೂ ನಾಟಕವೂ ‘ಲೂಡಿ’, ಅಂದರೆ ಆಟಗಳೇ. ನಾಟಕವನ್ನು ಬೇರೆ ಮಾಡಲು ‘ಸ್ಕೇನಿಕಿ’ ಎಂದು ಸೇರಿಸಿದರು: ರಂಗದ ಆಟಗಳು. ಅದರ ಬೇರಾದ ಗ್ರೀಕಿನ ‘ಸ್ಕೇನೆ’ಗೆ ಡೇರೆ ಎಂಬ ಅರ್ಥವಿದೆ. ಲ್ಯಾಟಿನ್ನಿನಲ್ಲಿ ವಿಶೇಷಣವು ನಾಮಪದದ ಲಿಂಗ, ವಚನ, ವಿಭಕ್ತಿ ನೋಡಿ ವೇಷ ಬದಲಿಸುತ್ತದೆ. ಕಲೆ ಅಲ್ಲಿ ಸ್ತ್ರೀಲಿಂಗವಾದ್ದರಿಂದ ‘ಆರ್ಸ್ ಸ್ಕೇನಿಕಾ’. ನಮ್ಮ ‘ಸಣ್ಣ’ಕ್ಕೆ ಆ ತಾಪತ್ರಯವಿಲ್ಲ. ಕ್ರಿ.ಪೂ. 364ರಲ್ಲಿ ಪಿಡುಗು ಬಂದಾಗ ದೇವರನ್ನು ಒಲಿಸಲು ರೋಮಿನವರು ರಂಗದ ಆಟ ಶುರುಮಾಡಿದರೆಂದು ಅಲ್ಲಿನ ಇತಿಹಾಸಕಾರ ಲಿವಿ ಬರೆದಿದ್ದಾನೆ. ಮಳೆಗಾಗಿ ಬಯಲಾಟ ಆಡಿಸಿದ ನಮ್ಮವರಿಗೆ ಇದೇನೂ ವಿಚಿತ್ರವೆನಿಸದು.

ಇನ್ನು ನಮ್ಮ ಕಿತ್ತೂರು ಸೀಮೆಗೆ ಕಥೆಯ ಬರ ಎಂದೂ ಇರಲಿಲ್ಲ. ಬ್ರಿಟಿಷರೊಡನೆ ನಡೆದ 1824ರ ಕಾಳಗ ಲಾವಣಿಯಾಯಿತು. ಬೈಲಹೊಂಗಲದ ಒಂದು ಕೊಲೆ ಸಣ್ಣಾಟವಾಯಿತು. ಅದೇ ‘ಸಂಗ್ಯಾ ಬಾಳ್ಯಾ’. ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರೆಂದು ಹೇಳಿಕೆ. ಸಾಹುಕಾರ ಸಂಗ್ಯಾ, ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ. ಜೀವದ ಗೆಳೆಯ ಬಾಳ್ಯಾ ಜೊತೆಗೆ ನಿಲ್ಲುತ್ತಾನೆ. ಈರಣ್ಣ ವ್ಯಾಪಾರಕ್ಕೆ ಊರು ಬಿಟ್ಟಾಗ ಆಗಬಾರದ್ದು ಆಗುತ್ತದೆ. ಕೊನೆಗೆ ಅದೇ ಬಾಳ್ಯಾನನ್ನು ತಮ್ಮ ಕಡೆ ಎಳೆದುಕೊಂಡು ಈರಣ್ಣ, ಅವನ ತಮ್ಮಂದಿರು ಸಂಗ್ಯಾನನ್ನು ಮುಗಿಸುತ್ತಾರೆ. ಇಲ್ಲಿ ಪಾಪಿ ಯಾರು? ಆಟ ತೀರ್ಪು ಕೊಡಲು ಅವಸರ ಮಾಡುವುದಿಲ್ಲ. ನೋಡುವವರ ಕರುಳು ತಪ್ಪಿತಸ್ಥನ ಕಡೆಗೇ ಜಗ್ಗುತ್ತದೆ. ರಾಮ–ರಾವಣರ ಆಟದಲ್ಲಿ ಇಂಥ ಇಕ್ಕಟ್ಟು ಹುಟ್ಟುವುದು ಕಷ್ಟ. ಸಣ್ಣಾಟವೂ ರಾತ್ರಿಯಿಡೀ ನಡೆದೀತು. ಅದರಲ್ಲಿ ಸಣ್ಣದಾದದ್ದು ಪಾತ್ರಗಳ ಅಂತಸ್ತು ಮಾತ್ರ ಎಂದು ನನ್ನೆಣಿಕೆ. ನೆರೆಮನೆಯವರೇ ಅಟ್ಟ ಏರಿದರು.

ಮುಂದೆ ನಾಟಕಕಾರ ಚಂದ್ರಶೇಖರ ಕಂಬಾರರ ಕೈಯಲ್ಲಿ ‘ಸಂಗ್ಯಾ ಬಾಳ್ಯಾ’ ನಗರದ ರಂಗಕ್ಕೆ ಬಂತು, ಸಿನಿಮಾ ಕೂಡ ಆಯಿತು. ಆದರೆ ಹಳ್ಳಿಯ ಮಾಸ್ತರರು ಕೈಬರಹದಲ್ಲಿ ಇಟ್ಟುಕೊಂಡ ಎಷ್ಟೋ ಆಟಗಳು ಅಚ್ಚಿನ ಮುಖ ಕಂಡಿಲ್ಲ. ನಿಮ್ಮ ಮನೆಯ ಮಾಳಿಗೆಯಲ್ಲಿ ಅಂಥ ವಹಿ ಇದ್ದರೆ, ಗೆದ್ದಲು ಮುಟ್ಟುವ ಮುನ್ನ ಬಾಗಲಕೋಟೆಯ ಬಯಲಾಟ ಅಕಾಡೆಮಿಗಾದರೂ ತೋರಿಸಿ.