ಕಲಾಯಿಯ ಮೇಲ್ಮೈಯಲ್ಲಿ ಏನಿದೆ?

ಪ್ರಶ್ನೆ: ಹಿತ್ತಾಳೆ ಪಾತ್ರೆಯ ಕಲಾಯಿ ಸವೆದರೆ ಕಣ್ಣಿಗೇ ಕಾಣುತ್ತದೆ. ಅದಕ್ಕಿಂತ ತೆಳುವಾದ ಲೇಪದಲ್ಲಿ ಎಲ್ಲಿ ಏನಿದೆ ಎಂದು ವಿಜ್ಞಾನಿಗಳು ಹೇಗೆ ನೋಡುತ್ತಾರೆ?

ಉತ್ತರ: ಒಂದೇ ಉಪಕರಣದಿಂದ ಆಗುವ ಕೆಲಸವಲ್ಲ ಇದು. ಬಣ್ಣ, ಪ್ಲಾಸ್ಟಿಕ್, ತುಕ್ಕು ಇಂಥವಕ್ಕೆ ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೇ ಒದಗಿಬರುತ್ತದೆ. ಲೇಸರ್ ಬಿದ್ದಲ್ಲಿಂದ ಚದುರುವ ಬೆಳಕಿನಲ್ಲಿ ಅತ್ಯಲ್ಪ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯೇ ಅಣುವಿನ ಗುರುತು. ಲೇಸರ್ ಚುಕ್ಕೆಯನ್ನು ರಂಗೋಲಿಯ ಚುಕ್ಕಿ ಇಟ್ಟಂತೆ ಸಾಲಾಗಿ ಸರಿಸುತ್ತ ಹೋದರೆ ನಕ್ಷೆ ಸಿದ್ಧ. ಒಂದು ಮೈಕ್ರೊಮೀಟರಿನಷ್ಟು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣ ವಿವರ ಸಿಗುತ್ತದೆ. ನೆದರ್ಲೆಂಡ್ಸಿನ ಎನ್ಸ್‌ಕೆಡೆಯಲ್ಲಿ, ಟ್ವೆಂಟೆ ವಿಶ್ವವಿದ್ಯಾಲಯದವರು ಇಂಥ ರಾಮನ್ ಸೂಕ್ಷ್ಮದರ್ಶಕದಲ್ಲಿ ಒಂಟಿ ಜೀವಕೋಶವನ್ನೇ ಪರೀಕ್ಷಿಸಿ 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ನಿಮ್ಮ ಕಲಾಯಿಯ ತವರ ಶುದ್ಧ ಲೋಹ. ಅಲ್ಲಿ ರಾಮನ್ ವಿಧಾನದ ಆಟ ನಡೆಯದು. ಪಾತ್ರೆಯ ಚೂರೊಂದನ್ನು ಅಡ್ಡ ಕೊಯ್ದು, ಕನ್ನಡಿಯಂತೆ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಡಬೇಕು. ಎಲೆಕ್ಟ್ರಾನ್ ಬಡಿದಾಗ ಕಲಾಯಿಯ ತವರ, ಹಿತ್ತಾಳೆಯ ತಾಮ್ರ, ಸತು ತಮ್ಮತಮ್ಮದೇ ಎಕ್ಸ್-ಕಿರಣ ಹೊಮ್ಮಿಸುತ್ತವೆ; ಅದರಿಂದ ಎಲ್ಲಿ ಯಾವುದಿದೆ ಎಂದು ತಿಳಿಯುತ್ತದೆ.

ತೀರಾ ಮೇಲ್ಪದರ ಬೇಕೆಂದರೆ ಲೆಕ್ಕ ತಿರುವುಮುರುವು: ಎಕ್ಸ್-ಕಿರಣ ಹಾಯಿಸಿ, ಹೊರಬೀಳುವ ಎಲೆಕ್ಟ್ರಾನ್‌ಗಳನ್ನು ಅಳೆಯುತ್ತಾರೆ. ಆಳದವು ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುವುದರಿಂದ, ಮೇಲಿನ ಸುಮಾರು 10 ನ್ಯಾನೊಮೀಟರಿನ ಸುದ್ದಿ ಮಾತ್ರ ಬರುತ್ತದೆ. ಅಲ್ಲಿರುವುದು ತವರವೋ, ಗಾಳಿಗೆ ಆಕ್ಸೈಡ್ ಆದ ತವರವೋ ಎಂಬುದೂ ಅದರಲ್ಲಿ ಗೊತ್ತಾಗುತ್ತದೆ.