ಎರಡು ಪೈಸೆಯ ಲೆಕ್ಕ

ಮಂಗಳೂರಿನ ಪುರಭವನಕ್ಕೆ ಕುಡ್ಮುಲ್ ರಂಗರಾಯರ ಹೆಸರಿದೆ. ನಾಟಕಕ್ಕೋ ಸನ್ಮಾನ ಸಭೆಗೋ ಹೋಗಿಬರುವ ಹೆಚ್ಚಿನವರಿಗೆ ಅದು ಆಮಂತ್ರಣ ಪತ್ರಿಕೆಯ ವಿಳಾಸ, ಅಷ್ಟೆ. ಆದರೆ ನಿಜವಾದ ಮುಂದಾಳು, ಮಾರ್ಗದರ್ಶಕ ಎಂದರೆ ಯಾರು ಎಂದು ಯಾರಾದರೂ ಕೇಳಿದರೆ ಈ ಊರಲ್ಲಿ ನಾನು ಮೊದಲು ತೋರಿಸುವುದು ಅವರನ್ನೇ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಕುಡ್ಮುಲ್‌ನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಮಂಗಳೂರಿಗೆ ಬಂದು ವಕೀಲರಾದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆಗ ಅಂಬೇಡ್ಕರ್ ಇನ್ನೂ ಒಂದು ವರ್ಷದ ಕೂಸು.

ಶಾಲೆ ತೆರೆಯುವುದು ಒಂದು, ಮಕ್ಕಳು ಬರುವುದು ಇನ್ನೊಂದು. ದನ ಮೇಯಿಸುವ, ಸೌದೆ ತರುವ ಹುಡುಗ ಪಾಠಕ್ಕೆ ಕೂತರೆ ಮನೆಗೆ ಅಷ್ಟು ನಷ್ಟ. ವಿದ್ಯೆಯ ಮಹಿಮೆ ಕೊಂಡಾಡಿದರೆ ಆ ನಷ್ಟ ತುಂಬುವುದಿಲ್ಲ. ರಂಗರಾಯರು ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿಸಿದರು. ಹಣ ಕೊಟ್ಟು ಮಕ್ಕಳನ್ನು ಕರೆಸುವುದೇ ಎಂದು ಮೂಗು ಮುರಿಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಹಸಿದ ಮನೆಯ ಜಮಾಖರ್ಚು ಅಂಥವರಿಗೆ ತಿಳಿದಿರುವುದಿಲ್ಲ. ಕಲಿಸಲು ಮೇಲ್ಜಾತಿಯ ಮೇಷ್ಟರುಗಳು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರು ಬಂದರು. ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಶಾಲೆಗಳು ಮಾತ್ರ ಒಂದರ ಹಿಂದೆ ಒಂದು ಹುಟ್ಟಿಕೊಂಡವು.

1897ರಲ್ಲಿ ರಂಗರಾಯರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಮುಂಬೈಯಲ್ಲಿ ವಿಠ್ಠಲ ರಾಮಜಿ ಶಿಂಧೆ ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು ಅದಾಗಿ ಒಂಬತ್ತು ವರ್ಷಕ್ಕೆ, 1906ರಲ್ಲಿ. ಕೊಡಿಯಾಲಬೈಲಿನಲ್ಲಿ ನೆಲೆಯೂರಿದ ಮಂಗಳೂರಿನ ಮಿಷನ್ ಅಕ್ಷರ ಕಲಿಸಿ ಸುಮ್ಮನಾಗಲಿಲ್ಲ. ದೂರದ ಮಕ್ಕಳಿಗೆ ಹಾಸ್ಟೆಲ್, ಬೆಳೆದವರಿಗೆ ಮಗ್ಗದ ಕೆಲಸ. ಓದು ಮುಗಿದ ಹುಡುಗ ಮತ್ತೆ ಧಣಿಯ ಗದ್ದೆಗೇ ಮರಳಿದರೆ ಪಟ್ಟ ಪಾಡೆಲ್ಲ ವ್ಯರ್ಥವಲ್ಲವೇ?

ಹೊರಗೆ ಒಂದು, ಮನೆಯಲ್ಲಿ ಇನ್ನೊಂದು ಎಂಬ ಸುಧಾರಕರು ನಮ್ಮಲ್ಲಿ ಕಡಿಮೆಯಿಲ್ಲ. ರಂಗರಾಯರು ಹಾಗಿರಲಿಲ್ಲ. ಅವರ ಮಗಳು ರಾಧಾಬಾಯಿ ಮದುವೆಯಾದದ್ದು ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರನ್ನು. ಇದೇ ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು.

ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ಮಿಷನ್ ನಿಲ್ಲಲಿಲ್ಲ, 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಗಾಂಧೀಜಿ ಅಲ್ಲಿಗೆ ಬಂದುಹೋದರು. ನಂದಿಗುಡ್ಡೆಯಲ್ಲಿರುವ ಸಮಾಧಿಯ ಮೇಲೆ ರಂಗರಾಯರ ಆಸೆಯೊಂದನ್ನು ಕೆತ್ತಿದ್ದಾರೆ: ತಾನು ಓದಿಸಿದ ಮಗು ಸರಕಾರಿ ಕೆಲಸಕ್ಕೆ ಸೇರಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತನ್ನ ತಲೆಗೆ ತಾಗಬೇಕು. ಇದನ್ನು ಬರಿಯ ವಿನಯ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಆದರೆ ಮಗು ಒಳ್ಳೆಯವನಾಗಲಿ, ತನ್ನನ್ನು ನೆನೆಯಲಿ ಎಂದು ಅವರು ಕೇಳಿಕೊಂಡಿಲ್ಲ. ಸರಕಾರಿ ಕೆಲಸ, ಕಾರು, ಊರಿನ ರಸ್ತೆ ಎಂದು ವಕೀಲರ ಅರ್ಜಿಯಂತೆ ಖಚಿತವಾಗಿ ಕೇಳಿದ್ದಾರೆ.