‘ಮೂರು ತಿಂಗಳಲ್ಲಿ 15 ಕೆಜಿ’ ಅನ್ನೋದು ಗುರಿ ಅಲ್ಲ: ಲೋಕಲ್ ಟ್ರೇನ್ ಬದುಕಿಗೆ ಹೊಂದುವ ತೂಕದ ಲೆಕ್ಕ

ಈ ವಿಡಿಯೋ ನೋಡಿದ ತುಂಬ ಜನ “ಲೆಕ್ಕ ಬೇಗ ಬೇಗ ಹೇಳಿಬಿಟ್ರಿ, ಬರೆದು ಹಾಕಿ” ಅಂದ್ರಿ. ಟ್ರೇನಲ್ಲಿ ನಿಂತ್ಕೊಂಡೇ ಓದೋಕೆ ಆಗಲಿ ಅಂತ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಮೊದಲು ನನ್ನದೇ ಕಥೆ ಹೇಳಿಬಿಡ್ತೀನಿ. ವಯಸ್ಸು 37, ಎತ್ತರ 170 ಸೆಂಟಿಮೀಟರ್, ತೂಕ 84 ಕೆಜಿ. ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಅದರಲ್ಲಿ ಎಚ್‌ಬಿಎ1ಸಿ 6.2 ಅಂತ ಇತ್ತು. ಇದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ಪರೀಕ್ಷೆ. 5.7ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ. ಅಂದ್ರೆ ನಾನು ಹೊಸ್ತಿಲ ಮೇಲೆ ನಿಂತಿದ್ದೆ.

ನಮ್ಮ ಅಪ್ಪನಿಗೆ 45ಕ್ಕೇ ಶುಗರ್ ಬಂತು. ಈಗ ಧಾರವಾಡದ ಮನೆಯಲ್ಲಿ ದಿನಾ ರಾತ್ರಿ ಅಮ್ಮ ಟಾರ್ಚ್ ಹಿಡಿದು ಅಪ್ಪನ ಅಂಗಾಲು ನೋಡ್ತಾರೆ, ಗಾಯ ಏನಾದರೂ ಆಗಿದೆಯಾ ಅಂತ. ಅಪ್ಪನಿಗೆ ಅಲ್ಲಿ ಸ್ಪರ್ಶ ಗೊತ್ತಾಗೋದಿಲ್ಲ. ರಿಪೋರ್ಟ್ ನೋಡಿದಾಗ ನನ್ನ ಕಣ್ಣಿಗೆ ಬಂದಿದ್ದು 6.2 ಅಲ್ಲ, ಆ ಟಾರ್ಚ್.

ಅವತ್ತೇ ರಾತ್ರಿ ಫ್ರಿಜ್ ಮೇಲೆ ಚೀಟಿ ಅಂಟಿಸಿದೆ: ‘3 ತಿಂಗಳು, 15 ಕೆಜಿ’. ಜಿಮ್ಮಿಗೆ ಒಂದು ವರ್ಷದ ಫೀ ಕಟ್ಟಿದೆ. ಅನ್ನ ಪೂರ್ತಿ ಬಿಟ್ಟೆ. ಹತ್ತು ದಿನಕ್ಕೆ 3 ಕೆಜಿ ಇಳೀತು! ಐರೋಳಿ ಆಫೀಸಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಐದನೇ ವಾರ ರಿಲೀಸ್ ಬಂತು, ರಾತ್ರಿ ಕಾಲ್‌ಗಳು ಶುರುವಾದವು, ಎರಡು ವಾರ ಜಿಮ್ ತಪ್ಪಿತು, ತಕ್ಕಡಿಯ ಮುಳ್ಳು ಅಲ್ಲೇ ನಿಂತಿತು. “ಹೇಗೂ ಆಗಲ್ಲ ಬಿಡು” ಅಂತ ಚೀಟಿ ಕಿತ್ತುಹಾಕಿದೆ. ಆರು ತಿಂಗಳ ನಂತರ ನೋಡಿದರೆ 86 ಕೆಜಿ.

ಆಗ ನನ್ನಲ್ಲಿ ಮನೋಬಲ ಇಲ್ಲ ಅಂದ್ಕೊಂಡಿದ್ದೆ. ಈಗ ಗೊತ್ತಾಗಿದೆ, ತಪ್ಪಿದ್ದು ಗುರಿ ಇಟ್ಟ ರೀತಿಯಲ್ಲಿ.

ಮೊದಲ 3 ಕೆಜಿ ಎಲ್ಲಿಗೆ ಹೋಯ್ತು?

ನಮ್ಮ ದೇಹ ಅನ್ನ, ಚಪಾತಿಯಿಂದ ಬಂದ ಶಕ್ತಿಯಲ್ಲಿ ಸ್ವಲ್ಪವನ್ನು ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ರೂಪದಲ್ಲಿ ಇಟ್ಕೊಂಡಿರುತ್ತೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತೆ. ಅನ್ನ ಬಿಟ್ಟ ತಕ್ಷಣ ಮೊದಲು ಖಾಲಿಯಾಗೋದು ಈ ಖಜಾನೆ, ಜೊತೆಗೆ ಅದರ ನೀರು. ಹಾಗಾಗಿ ಆ 3 ಕೆಜಿಯಲ್ಲಿ ಹೆಚ್ಚಿನದು ನೀರೇ. ಮತ್ತೆ ಅನ್ನ ತಿಂದ ಕೂಡಲೇ ವಾಪಸ್ ಬರುತ್ತೆ.

ಭಾನುವಾರ ಬಿರಿಯಾನಿ ಅಥವಾ ಉಪ್ಪಿನ ಫರ್ಸಾಣ್ ತಿಂದು ಸೋಮವಾರ ತಕ್ಕಡಿ ಹತ್ತಿದರೆ 1 ಕೆಜಿ ಜಾಸ್ತಿ ತೋರಿಸೋದೂ ಇದೇ ಕಾರಣಕ್ಕೆ. ಅದು ಕೊಬ್ಬಲ್ಲ, ಗಾಬರಿ ಆಗ್ಬೇಡಿ.

ಹಾಗಾದ್ರೆ ಎಷ್ಟು ಇಳಿಸಬೇಕು?

ಅಮೆರಿಕದಲ್ಲಿ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ ಒಂದು ದೊಡ್ಡ ಅಧ್ಯಯನ ನಡೀತು. ಫಲಿತಾಂಶ ಬಂದಿದ್ದು 2002ರಲ್ಲಿ. ನನ್ನ ಹಾಗೆ ಹೊಸ್ತಿಲ ಮೇಲಿದ್ದ 3,234 ಜನ ಅದರಲ್ಲಿದ್ದರು. ಜೀವನಶೈಲಿ ಬದಲಿಸಬೇಕಾದ ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ 7 ಶೇಕಡಾ ಇಳಿಕೆ, ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರೋದು 58 ಶೇಕಡಾ ಕಡಿಮೆಯಾಯ್ತು.

7 ಶೇಕಡಾ ಅಂದ್ರೆ 86 ಕೆಜಿಯ ನನಗೆ 6 ಕೆಜಿ, ಅಷ್ಟೇ. ಅದೂ ಆರು ತಿಂಗಳಲ್ಲಿ, ತಿಂಗಳಿಗೆ 1 ಕೆಜಿ. ಕೇಳೋಕೆ ಸಪ್ಪೆ ಅನ್ಸುತ್ತೆ, ಸ್ಟೇಟಸ್ ಹಾಕೋ ಹಾಗಿಲ್ಲ. ಆದ್ರೆ ಲಾಭ ಶುರುವಾಗೋದು ಇಲ್ಲಿಂದಲೇ. ನೀವೂ ಲೆಕ್ಕ ಹಾಕಿ: ನಿಮ್ಮ ಈಗಿನ ತೂಕದ 5ರಿಂದ 7 ಶೇಕಡಾ. ಅದೇ ಮೊದಲ ನಿಲ್ದಾಣ. ಡೊಂಬಿವಲಿಯಲ್ಲಿ ಹತ್ತಿದವರು ಮೊದಲು ಠಾಣೆ ಮುಟ್ಟಬೇಕಲ್ವಾ, ಸಿಎಸ್‌ಎಂಟಿ ಆಮೇಲೆ.

“ನಾನು ಸಣ್ಣಗಿದ್ದೀನಿ, ನನಗ್ಯಾಕೆ?”

ಈ ಪ್ರಶ್ನೆ ತುಂಬ ಬರುತ್ತೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ನಮ್ಮ ಪಕ್ಕದ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಒಟ್ಟಿಗೆ ನಿಂತಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಅಳೆದರೆ ಯುಡ್ಕಿನ್ ಅವರಿಗೆ 9.1 ಶೇಕಡಾ, ಯಾಜ್ಞಿಕ್ ಅವರಿಗೆ 21.2 ಶೇಕಡಾ! ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ನಮ್ಮವರಲ್ಲಿ ತುಂಬ ಜನರ ಮೈಕಟ್ಟು ಇದೇ.

ಅದಕ್ಕೇ ಭಾರತೀಯರಿಗೆ ಗೆರೆ ಸ್ವಲ್ಪ ಕೆಳಗೆ ಎಳೆದಿದ್ದಾರೆ. ಕೆಜಿಯಲ್ಲಿರೋ ತೂಕವನ್ನು ಮೀಟರಿನಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ಅದು 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಪ್ಯಾಂಟಿನ ಸೈಜ್ ನಂಬಬೇಡಿ, ನಾವು ಹೊಟ್ಟೆ ಕೆಳಗೆ ಕಟ್ತೀವಿ! ಪಕ್ಕೆಲುಬು ಮುಗಿಯೋ ಜಾಗ ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೀರಿ. ನನ್ನದು 101 ಇತ್ತು.

ಕೆಜಿ ನಮ್ಮ ಕೈಯಲ್ಲಿಲ್ಲ, ಕೆಲಸ ನಮ್ಮ ಕೈಯಲ್ಲಿದೆ

ಇದೇ ಇವತ್ತಿನ ಮುಖ್ಯ ಮಾತು. ಇವತ್ತು ಸಂಜೆಯೊಳಗೆ ಅರ್ಧ ಕೆಜಿ ಇಳಿ ಅಂದರೆ ದೇಹ ಕೇಳಲ್ಲ. ಸಂಜೆ 20 ನಿಮಿಷ ನಡೀತೀನಿ ಅಂದರೆ ಅದು ಆಗೋ ಕೆಲಸ. ಕೆಜಿ ಫಲಿತಾಂಶ, ನಡಿಗೆ ಕ್ರಿಯೆ. ಚೀಟಿಯಲ್ಲಿ ಬರೆಯಬೇಕಾಗಿದ್ದು ಕ್ರಿಯೆ.

ಇದಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತವರ ತಂಡ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅನ್ನೋ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಹೊಸ್ತಿಲ ಮೇಲಿದ್ದ 531 ಜನ. ನಡಿಗೆ ಮತ್ತು ಊಟ ಬದಲಿಸಿದ ಗುಂಪಿನಲ್ಲಿ ಕಾಯಿಲೆ ಬರೋದು 28.5 ಶೇಕಡಾ ಕಡಿಮೆಯಾಯ್ತು. ವಿಶೇಷ ಏನಪ್ಪಾ ಅಂದ್ರೆ, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ! ತಕ್ಕಡಿ ಸುಮ್ಮನಿದ್ದಾಗಲೂ ಒಳಗೆ ಒಳ್ಳೇದು ಆಗ್ತಾ ಇರಬಹುದು. ನಾನು ಐದನೇ ವಾರ ತಕ್ಕಡಿ ನೋಡಿ ಬಿಟ್ಟಿದ್ದೆನಲ್ಲ, ಆಗ ಇದು ಗೊತ್ತಿದ್ದರೆ ಬಿಡ್ತಿರಲಿಲ್ಲ.

ಮೊದಲು ಒಂದು ವಾರ ಸುಮ್ಮನೆ ನೋಡಿ

ಎರಡನೇ ಸಲ ನಾನು ಏನೂ ಬದಲಿಸದೆ ಒಂದು ವಾರ ಬರೀ ಬರೆದುಕೊಂಡೆ. ಎರಡು ವಿಷಯ ಕಣ್ಣಿಗೆ ಬಿತ್ತು.

ಒಂದು, ಆಫೀಸಿಗೆ ಹೋಗೋ ದಿನ ನನ್ನ ಹೆಜ್ಜೆ 8,000 ಹತ್ತಿರ. ಡೊಂಬಿವಲಿ ಸ್ಟೇಷನ್ನಿಗೆ ನಡಿಗೆ, ಠಾಣೆಯಲ್ಲಿ ಬ್ರಿಜ್ ಹತ್ತಿ ಇಳಿದು ಟ್ರಾನ್ಸ್‌ಹಾರ್ಬರ್ ಲೈನ್ ಹಿಡಿಯೋದು, ಐರೋಳಿಯಲ್ಲಿ ಇಳಿದು ಮತ್ತೆ ನಡಿಗೆ. ಮನೆಯಿಂದ ಕೆಲಸ ಮಾಡೋ ದಿನ? 1,500! ಬಯ್ಯೋ ಲೋಕಲ್ಲೇ ನನ್ನ ಜಿಮ್ ಆಗಿತ್ತು. ಅಂದ್ರೆ ಗುರಿ ಬೇಕಾಗಿದ್ದು ಆಫೀಸ್ ದಿನಕ್ಕಲ್ಲ, ಮನೆ ದಿನಕ್ಕೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಕಂಪನಿ ಬಸ್ಸಲ್ಲಿ ಕೂತು ಮಹಾಪೆಗೆ ಹೋಗೋರಿಗೆ ಲೆಕ್ಕ ಬೇರೆ, ಅವರಿಗೆ ಎಲ್ಲಾ ದಿನವೂ ಮನೆ ದಿನವೇ.

ಎರಡು, ಚಹಾ. ದಿನಕ್ಕೆ 5 ಕಪ್, ಕಪ್ಪಿಗೆ 2 ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದ್ರೂ 50 ಗ್ರಾಂ, ಅಂದ್ರೆ 200 ಕ್ಯಾಲೊರಿ. ಆಫೀಸ್ ಮೆಷಿನ್ ಚಹಾದ ಪುಡಿಯಲ್ಲೂ ಸಾಮಾನ್ಯವಾಗಿ ಸಕ್ಕರೆ ಮೊದಲೇ ಸೇರಿರುತ್ತೆ, ಪ್ಯಾಕೆಟ್ ಹಿಂದೆ ಓದಿ ನೋಡಿ.

‘ಹೀಗಾದ್ರೆ, ಹೀಗೆ’ ಅಂತ ಬರೀರಿ

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರಿಸಿದ ಒಂದು ಸರಳ ಉಪಾಯ ಇದು. “ವ್ಯಾಯಾಮ ಮಾಡ್ತೀನಿ” ಅನ್ನೋದಕ್ಕಿಂತ, ಎಲ್ಲಿ, ಯಾವಾಗ, ಏನಾದಾಗ ಅಂತ ಮೊದಲೇ ಗಂಟು ಹಾಕಿಟ್ಟರೆ ಕೆಲಸ ನಡೆಯೋ ಸಾಧ್ಯತೆ ಜಾಸ್ತಿ. ನಮ್ಮ ಪ್ರೋಗ್ರಾಮಿಂಗಿನ ಇಫ್-ದೆನ್ ಥರ. ನನ್ನ ಚೀಟಿ ಹೀಗಿತ್ತು:

- ಮನೆಯಿಂದ ಕೆಲಸ ಇದ್ದರೆ, ಸಂಜೆ 6:30ಕ್ಕೆ ಘರ್ಡಾ ಸರ್ಕಲ್ ಹತ್ತಿರದ ಕ್ರೀಡಾ ಸಂಕುಲದಲ್ಲಿ 40 ನಿಮಿಷ ನಡಿಗೆ.
- ಮಳೆ ಇದ್ದರೆ, ಬಿಲ್ಡಿಂಗ್ ಮೆಟ್ಟಿಲು 15 ನಿಮಿಷ, ಕುರ್ಚಿಯಿಂದ ಕೂತು-ಎದ್ದು 3 ಸುತ್ತು.
- ಸ್ಟೇಷನ್ ಹೊರಗೆ ಹಸಿವಾದರೆ, ಬ್ಯಾಗಲ್ಲಿರೋ ಹುರಿಗಡಲೆ. ವಡಾಪಾವ್ ಶುಕ್ರವಾರ ಒಂದು, ಕೂತು, ಖುಷಿಯಾಗಿ.
- ರಾತ್ರಿ ಕಾಲ್ ಇದ್ದರೆ, ಊಟ 8:30ಕ್ಕೆ ಮುಗಿಸೋದು. ಕಾಲ್ ನಂತರ ಚಿವ್ಡಾ ಡಬ್ಬಿ ತೆಗೆಯೋದಿಲ್ಲ.

ಮಳೆಯ ಸಾಲು ಮುಖ್ಯ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ನಡಿಗೆಯನ್ನೇ ನಂಬಿದ ಗುರಿ ನೀರಲ್ಲಿ ಕೊಚ್ಚಿಕೊಂಡು ಹೋಗುತ್ತೆ. ಜಾಗ ನಿಮ್ಮದು ನೀವು ಬರ್ಕೊಳ್ಳಿ: ಕಲ್ಯಾಣದವರಿಗೆ ಕಾಳಾ ತಲಾವ್, ಠಾಣೆಯವರಿಗೆ ಉಪವನ, ಖಾರ್‌ಘರದವರಿಗೆ ಸೆಂಟ್ರಲ್ ಪಾರ್ಕ್.

ಅನ್ನ ಬಿಡಬೇಕಾ?

ಬೇಡ. ಎರಡನೇ ಸಲ ನಾನು ಬಿಡಲಿಲ್ಲ, ಅಳತೆ ಇಟ್ಟೆ. ಮೊದಲು ತಟ್ಟೆಯ ಅರ್ಧ ಭಾಗ ಪಲ್ಯ-ಕೋಸಂಬರಿ, ಆಮೇಲೆ ಕಾಳು ಅಥವಾ ಮೊಟ್ಟೆ ಅಥವಾ ಮೊಸರು, ಉಳಿದ ಕಾಲು ಭಾಗಕ್ಕೆ ಅನ್ನ ಇಲ್ಲವೇ ರೊಟ್ಟಿ. ಪೋಳಿ-ಭಾಜಿ ಕೇಂದ್ರದಿಂದ ತರೋರೂ ಒಂದು ಭಾಜಿ ಜಾಸ್ತಿ, ಎರಡು ಪೋಳಿ ಕಡಿಮೆ ಮಾಡಬಹುದು.

ಇನ್ನೊಂದು ಮನೆ ಲೆಕ್ಕ. ನಮ್ಮ ಮನೆಯಲ್ಲಿ ಮೂರು ಜನ, ತಿಂಗಳಿಗೆ 4 ಲೀಟರ್ ಎಣ್ಣೆ. ನನ್ನ ಹೆಂಡತಿ ಹೇಳಿದಳು, “ಎಲ್ಲರ ತಟ್ಟೆ ಕಾಯೋಕೆ ನನ್ನ ಕೈಲಾಗಲ್ಲ ಮಾರಾಯ, ನೀವು ಎಣ್ಣೆಯನ್ನೇ 3 ಲೀಟರ್ ತನ್ನಿ.” ಎಷ್ಟು ಸರಿಯಾದ ಮಾತು! ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,000 ಕ್ಯಾಲೊರಿ. ಮೂವರಿಗೆ, 30 ದಿನಕ್ಕೆ ಹಂಚಿದರೆ ದಿನಕ್ಕೆ ತಲಾ 90 ಹತ್ತಿರ ಕಡಿತ. ಯಾರೂ ಹಸಿದಿರಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ.

ತಪ್ಪಿದಾಗ ಏನು?

ತಪ್ಪೇ ತಪ್ಪುತ್ತೆ. ಗಣಪತಿ ಹಬ್ಬಕ್ಕೆ ಮೋದಕ, ದೀಪಾವಳಿಗೆ ಊರು. ನಾನು ಊರಿಗೆ ಹೋದಾಗ 3 ಕೆಜಿ ಇಳಿದಿದ್ದೆ. ಅಮ್ಮ ನೋಡಿದ ಕೂಡಲೇ, “ಯಾಕೋ, ಭಾಳ ಸೊರಗೀದಿ! ಅಲ್ಲೆ ಊಟ ಸರಿ ಸಿಗೂದಿಲ್ಲೇನ?” ಅಂತ ತುಪ್ಪ ಸುರಿದು ಹೋಳಿಗೆ ಬಡಿಸಿದರು. ತಿಂದೆ. ಅಮ್ಮನ ಹೋಳಿಗೆಗೆ ಕ್ಯಾಲೊರಿ ಲೆಕ್ಕ ಹೇಳೋಕಾಗುತ್ತಾ? ನನ್ನ ನಿಯಮ ಒಂದೇ: ಒಂದು ದಿನ ತಪ್ಪಿದರೆ ಪರವಾಗಿಲ್ಲ, ಒಂದರ ಹಿಂದೆ ಎರಡು ವಾರ ತಪ್ಪಬಾರದು. ಮರುದಿನ ಉಪವಾಸ ಮಾಡಿ ಸರಿದೂಗಿಸೋದೂ ಬೇಡ, ಚೀಟಿಯ ಮುಂದಿನ ಸಾಲು ಮಾಡಿದರೆ ಸಾಕು.

ತೂಕ ವಾರಕ್ಕೆ ಮೂರು ಸಲ ಬೆಳಿಗ್ಗೆ ನೋಡಿ, ಸರಾಸರಿ ಮಾತ್ರ ಬರ್ಕೊಳ್ಳಿ. ಸೊಂಟ ತಿಂಗಳಿಗೊಮ್ಮೆ. 12 ವಾರ ಕ್ರಿಯೆ ನಡೆದೂ ತೂಕ, ಸೊಂಟ ಎರಡೂ ಕದಲದಿದ್ದರೆ ಒಂದು ಸಾಲು ಬದಲಿಸಿ. ಶುಗರ್ ಅಥವಾ ಬಿಪಿ ಮಾತ್ರೆ ತಗೊಳ್ಳೋರು, ಥೈರಾಯ್ಡ್ ಇರೋರು, ಎದೆನೋವು, ಮೊಣಕಾಲು ನೋವು ಇರೋರು ಶುರು ಮಾಡೋ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ. ಗರ್ಭಿಣಿಯರು ತೂಕ ಇಳಿಸೋ ಗುರಿ ಇಡೋದೇ ಬೇಡ. ತುಂಬ ವೇಗವಾಗಿ ಇಳಿಸಿದರೆ ಸ್ನಾಯು ಕರಗುತ್ತೆ, ಪಿತ್ತಕೋಶದಲ್ಲಿ ಕಲ್ಲಾಗೋ ಅಪಾಯವೂ ಇದೆ.

ನನ್ನ ಲೆಕ್ಕ ಹೇಳಿ ಮುಗಿಸ್ತೀನಿ. ಎಂಟು ತಿಂಗಳಾಯ್ತು. 86 ಇದ್ದದ್ದು 80. ಸೊಂಟ 101ರಿಂದ 95, ಇನ್ನೂ 90 ಆಗಿಲ್ಲ. ಎಚ್‌ಬಿಎ1ಸಿ 5.9, ಹೊಸ್ತಿಲು ಪೂರ್ತಿ ದಾಟಿ ಆಚೆ ಬಂದಿಲ್ಲ. ಆದ್ರೆ ಮುಖ ಈಗ ಆಚೆ ಕಡೆಗಿದೆ. ಮೊನ್ನೆ ಫೋನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಛಲೋ ಆತು” ಅಂದರು. ಮಾತು ಕಡಿಮೆ ನಮ್ಮಪ್ಪಂದು, ನನಗೆ ಅಷ್ಟೇ ಸಾಕು.

ಇವತ್ತು ಮನೆಗೆ ಹೋದ ಮೇಲೆ ಒಂದು ಚೀಟಿ ತಗೊಳ್ಳಿ. ಕೆಜಿ ಬರೀಬೇಡಿ. ‘ಹೀಗಾದ್ರೆ, ಹೀಗೆ’ ಅಂತ ಒಂದೇ ಒಂದು ಸಾಲು ಬರೀರಿ. ನಿಮ್ಮ ಸಾಲು ಯಾವುದು ಅಂತ ನಮಗೂ ತಿಳಿಸಿ.